ಲೈಲ್ ಪ್ರುವೆಟ್‌ನ ಮೊದಲ ಕಾರ್ಡು ಯಾವುದು

ಲೈಲ್ ಪ್ರುವೆಟ್ ಬೇಸ್‌ಬಾಲ್ ಆಡಿದ್ದು ಎರಡೇ ಸೀಸನ್. ಆಮೇಲೆ ಬದುಕಿಡೀ ಅವನು ಒಂದು ಕಾರ್ಡಿನ ಜೊತೆ ಜಗಳವಾಡಿದ. ಚ್ಯೂಯಿಂಗ್ ಗಮ್ ಪೊಟ್ಟಣದೊಳಗಿಟ್ಟು ದೇಶವೆಲ್ಲ ಮಾರಿದ ಆ ಕಾರ್ಡಿನಲ್ಲಿ ಹೆಸರು ಅವನದು, ಮುಖ ಡೋಬೆಕ್ ಎಂಬ ಬೇರೆ ಆಟಗಾರನದು. ಕಂಪನಿಯ ಯಾವನೋ ಪುಣ್ಯಾತ್ಮ ಫೋಟೊ ಅದಲುಬದಲು ಮಾಡಿದ್ದ. ಅದಕ್ಕೆ ಒಂದು ವರ್ಷ ಮೊದಲು ಡೇಟನ್ ಊರಿನ ಬೇಕರಿಯೊಂದು ಬ್ರೆಡ್ಡಿನ ಜೊತೆ ಹಂಚಿದ ಕಾರ್ಡಿನಲ್ಲಿ ಮಾತ್ರ ಅವನದೇ ಮುಖವಿತ್ತು. ಎದ್ದು ನಿಂತ ಕಿವಿ, ಮುರಿದ ಹಲ್ಲು, ಎಲ್ಲ ಅವನದೇ.

ಹಳೇ ಕಾರ್ಡು ಕೂಡಿಡುವವರಿಗೆ ಆಟಗಾರನ ಮೊದಲ ಕಾರ್ಡೇ, ಅಂದರೆ ರೂಕಿ ಕಾರ್ಡೇ, ದೇವರು. ಉಳಿದದ್ದನ್ನು ಕೇಳುವವರಿಲ್ಲ. ಲೈಲ್‌ನ ಎರಡರಲ್ಲಿ ಆ ಪಟ್ಟ ಯಾವುದಕ್ಕೆ ಎಂದು ಈ ಸಲದ ಡೇಟನ್ ಮೇಳದಲ್ಲಿ ಕಾರ್ಡಿನವರ ಸಂಘ ತೀರ್ಮಾನಿಸುವುದಿತ್ತು. ಲೈಲ್‌ಗೆ ಎಂಬತ್ತು ದಾಟಿತ್ತು. ಸಾಯುವ ಮೊದಲು ತನ್ನ ಮುಖ ತನಗೆ ಸಿಕ್ಕರೆ ಸಾಕು, ಅಷ್ಟೇ ಅವನ ಆಸೆ.

ಸಂಘದ ಹಿರಿಯ ಹಾರ್ಮನ್ ಗ್ರೀಬ್ ಅವನ ಹಳೇ ಗೆಳೆಯ, ಶನಿವಾರದ ಬಿಯರಿನ ಜೊತೆಗಾರ. ಅವನೇ ಎದ್ದು ನಿಂತು, ಒಂದೂರಿನಲ್ಲಿ ಬ್ರೆಡ್ಡಿನ ಜೊತೆ ಬಿಟ್ಟಿ ಕೊಟ್ಟದ್ದನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಡಿ, ದೇಶವೆಲ್ಲ ಮಾರಿದ್ದೇ ರೂಕಿ ಕಾರ್ಡು ಎಂದ. ಕೈಗಳು ಮೇಲೆದ್ದವು. ಮುಗಿಯಿತು.

"ಅದರಲ್ಲಿರೋದು ನಾನಲ್ಲ ಕಣೋ," ಎಂದ ಲೈಲ್.

"ಹಿಂದ್ಗಡೆ ಬರೆದಿರೋ ರನ್ನು ನಿಂದೇ ತಾನೆ?" ಎಂದ ಹಾರ್ಮನ್. "ಮುಖ ಯಾವನು ನೋಡ್ತಾನೆ? ನಿಂದೇನು ಸಿನಿಮಾ ಹೀರೋ ಮುಖಾನಾ?"

ಸುತ್ತ ನಿಂತವರು ನಕ್ಕರು.

ಡೋಬೆಕ್ ಮುಖದ ಆ ಕಾರ್ಡಿಗೆ ಲೈಲ್ ಸಹಿ ಹಾಕುತ್ತಲೇ ಇರಲಿಲ್ಲ. ಒಮ್ಮೆ ಮಾತ್ರ, ಹಾರ್ಮನ್‌ನ ಮದುವೆಯ ದಿನ, ಗೆಳೆಯನಲ್ಲವೇ ಎಂದು ಹಾಕಿಕೊಟ್ಟಿದ್ದ. ಈಗ ಹಾರ್ಮನ್ ಅದನ್ನೇ ಗಾಜಿನ ಪೆಟ್ಟಿಗೆಯಲ್ಲಿಟ್ಟು, 'ಸಹಿ ಇರುವ ಏಕೈಕ ಪ್ರುವೆಟ್ ರೂಕಿ' ಎಂಬ ಫಲಕ ನಿಲ್ಲಿಸುತ್ತಿದ್ದ. ಕೈ ಎತ್ತಿಸಿ ಇನ್ನೂ ಹತ್ತು ನಿಮಿಷವಾಗಿರಲಿಲ್ಲ. ಫಲಕ ಮನೆಯಿಂದಲೇ ಅಚ್ಚಾಗಿ ಬಂದಿತ್ತು.

ಲೈಲ್ ನೋಡಿದ. ಒಂದು ಮೇಜಿನ ಹಿಂದೆ ಕೂತು ಪೆನ್ನು ತೆಗೆದು, ಆ ಕಾರ್ಡು ಯಾರ ಹತ್ತಿರವಿದೆಯೋ ಎಲ್ಲರೂ ಬನ್ನಿ, ಬಿಟ್ಟಿ ಸಹಿ ಎಂದು ಸಾರಿದ. ಸಾಲು ಬಾಗಿಲು ದಾಟಿತು. ಹಾರ್ಮನ್ ಓಡಿ ಬಂದು ಅವನ ತೋಳು ಹಿಡಿದ.

"ಬೆಲೆ ಹಾಳ್ ಮಾಡ್ತಿದ್ದೀಯ ಮಾರಾಯ. ನಿಲ್ಸು."

"ಯಾಕೆ? ನಂದೇ ಕಾರ್ಡು ಅಂತ ನೀನೇ ಹೇಳ್ದಲ್ಲ," ಎಂದು ಲೈಲ್ ತೋಳು ಕೊಡವಿಕೊಂಡ.

ಹಾರ್ಮನ್ ಹೋಗಿ ಫಲಕ ಮಡಚಿಟ್ಟ. ಅವನ ಹೊಟ್ಟೆ ಉರಿಸಿದ ಖುಷಿ ಲೈಲ್‌ಗೆ ಅರ್ಧ ಸಾಲು ಕರಗುವವರೆಗೂ ಇತ್ತು. ಆಮೇಲೆ ಉಳಿದದ್ದು ಬೆರಳ ನೋವು, ಒಂದರ ಹಿಂದೊಂದು ಡೋಬೆಕ್‌ನ ನಗು, ಅದರ ಕೆಳಗೆ ತನ್ನ ಕೈಯಾರೆ ಬರೆದ ತನ್ನ ಹೆಸರು.

ಕೊನೆಯಲ್ಲಿದ್ದ ಹೆಂಗಸು ಕಾರ್ಡನ್ನೊಮ್ಮೆ ಅವನನ್ನೊಮ್ಮೆ ನೋಡಿ, "ಆ ವಯಸ್ಸಲ್ಲಿ ಎಷ್ಟು ಚೆನ್ನಾಗಿದ್ರಿ ನೀವು," ಎಂದಳು.

ಲೈಲ್ ಥ್ಯಾಂಕ್ಸ್ ಎಂದ.