ಹೊಂಗೆ ಮರಕ್ಕೆ ಬಿದ್ದ ಮತ

ಎಪ್ಪತ್ತೆಂಟರ ಬೇಸಿಗೆ. ಯುಗಾದಿ ಕಳೆದು ಬಂದ ಶುಕ್ರವಾರ, ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಅಲ್ಲಾಳಸಂದ್ರದ ಕೆರೆಯಂಚಿನಲ್ಲಿ ಹೆಂಗಸರು ಸಾಲಾಗಿ ಹಸಿ ಇಟ್ಟಿಗೆ ಹೊತ್ತು ಇಟ್ಟಿಗೆ ಸುಡುವ ಗೂಡಿನ ಕಡೆ ನಡೆದಿದ್ದರು.

“ನಿಂತ್ಕೊಳ್ರೇ ಮುಂಡೇರಾ! ಇಳಿಸ್ಬ್ಯಾಡಿ, ಅಂಗೇ ನಿಂತ್ಕೊಳ್ಳಿ!”

ಗೂಡಿನ ಯಜಮಾನ ಮುನಿಕೃಷ್ಣಪ್ಪ ಗೌಡ ಜೀಪಿನಿಂದ ಇಳಿದ. ಹಿಂದೆ ಪಂಚಾಯ್ತಿ ಸೆಕ್ರೆಟರಿ ವೆಂಕಟರಾಮಯ್ಯ, ಅವರ ಹಿಂದೆ ಗರಗಸ ಹಿಡಿದ ಇಬ್ಬರು.

ಗರಗಸ ಕಂಡದ್ದೇ ಕಾಶವ್ವ ಥಟ್ಟನೆ ಜೋಲಿಯ ಕಡೆ ತಿರುಗಿದಳು. ಬಿಜಾಪುರದ ಕಡೆಯಿಂದ ಕೂಲಿಗೆ ಬಂದವಳು. ಅವಳ ಎಳೆಗೂಸು ಎದುರಿನ ಹೊಂಗೆ ಮರಕ್ಕೆ ಕಟ್ಟಿದ ಜೋಲಿಯಲ್ಲಿ ಮಲಗಿತ್ತು. ಆ ಬಯಲಿಗೆಲ್ಲ ನೆರಳೆಂದರೆ ಅದೊಂದೇ ಮರ.

ಮುನಿಕೃಷ್ಣಪ್ಪ ಪಂಚಾಯ್ತಿ ಚುನಾವಣೆಗೆ ನಿಲ್ಲುವವನಿದ್ದ. ಗಂಟಲು ಸರಿಮಾಡಿಕೊಂಡ.

“ನೋಡಿ, ಈಗ ಪ್ರಜಾಪ್ರಭುತ್ವ. ಮರ ಕೆರೆ ಅಂಗಳದ್ದು. ನಿಮ್ಮುನ್ನ ಕೇಳ್ದೆ ನಾನು ಒಂದೆಲೆ ಸೈತ ಕೀಳಾಕಿಲ್ಲ. ಗೂಡಿಗೆ ಸೌದೆ ಸಾಲ್ದು. ಮರ ಕಡೀಬೌದು ಅನ್ನೋರು ಕೈ ಎತ್ತಿ!”

ಎಲ್ಲರ ಕೈಗಳೂ ಆಗಲೇ ಮೇಲಿದ್ದವು, ತಲೆಯ ಮೇಲಿನ ಇಟ್ಟಿಗೆ ಹಿಡಿದು.

“ಎಲ್ರೂ ಎತ್ತವ್ರೆ! ಬರ್ಕೊಳ್ರೀ ಸೆಕ್ರೆಟ್ರಿ, ಒಮ್ಮತ!” ಎಂದು ಅವನು ಹೊಟ್ಟೆ ಕುಣಿಸಿ ನಕ್ಕ. ಸೆಕ್ರೆಟರಿಯೂ ನಕ್ಕು ಪೆನ್ನು ತೆಗೆದರು.

“ಯಪ್ಪಾ, ಇವು ಹೊರಿ ಹಿಡದ ಕೈ ರೀ!” ಕಾಶವ್ವ ಕೂಗಿದಳು. “ನನ್ನ ಕೂಸು ಅಲ್ಲೇ ಮಲಗೇತ್ರಿ!”

“ಬಿಸ್ಲಲ್ಲಿ ಒಣಗ್ಸು. ಇಟ್ಟಿಗೆ ಥರ ಗಟ್ಟಿ ಆಯ್ತದೆ.”

ಹೊರೆ ಇಳಿಸುವ ಹಾಗಿರಲಿಲ್ಲ. ಗೂಡು ಮುಟ್ಟುವ ಮುಂಚೆ ಒಬ್ಬಳು ಹೊರೆ ಇಳಿಸಿದರೆ ಅವಳ ಆವತ್ತಿನ ಕೂಲಿ ಪೂರ್ತಿ ಹೋಯಿತು. ಅದು ಅಲ್ಲಿನ ಕಟ್ಟಳೆ.

“ರಾಜರ ಕಾಲದಾಗ ಕೇಳದೆ ಕಡೀತಿದ್ರು,” ಕಾಶವ್ವ ಹಿಂದೆ ನಿಂತವಳಿಗೆ ಗೊಣಗಿದಳು. “ಈಗ ಕೇಳಿ ಕಡೀತಾರ ನೋಡಬೇ ಯಕ್ಕಾ.”

ಹಿಂದಿದ್ದವಳು ಅಂಜಿನಮ್ಮ, ಸಾಲಿಗೆಲ್ಲ ಹಿರಿಯಳು. ಬಾಯಲ್ಲಿದ್ದ ಎಲೆಅಡಿಕೆ ಪಕ್ಕಕ್ಕೆ ಉಗಿದಳು.

“ಗೌಡ್ರೇ, ಅಂಗಾರೆ ಬ್ಯಾಡ ಅನ್ನೋರು ಏನ್ ಮಾಡ್ಬೇಕು?”

“ಕೈ ಇಳಿಸ್ಲಿ. ಯಾವಳಿಗೈತೆ ಗುಂಡಿಗೆ?”

“ಸೆಕ್ರೆಟ್ರಿ ಸ್ವಾಮೇರೇ, ಕೇಳುಸ್ಕಂಡ್ರಲ್ಲ?”

ಅಂಜಿನಮ್ಮ ಸೀದಾ ಹೊಂಗೆ ಮರದ ಬುಡಕ್ಕೆ ನಡೆದಳು. ಹೊರೆ ಇಳಿಸಿ ಒಂದೊಂದೇ ಇಟ್ಟಿಗೆಯನ್ನು ಬುಡಕ್ಕೆ ಒತ್ತಿ ಜೋಡಿಸಿದಳು. ಕೈ ಕೊಡವಿ, “ನಂದಾಯ್ತು” ಎಂದಳು.

ಕಾಶವ್ವ ಹೊರೆ ಬಿಗಿಹಿಡಿದಳು. ಆವತ್ತಿನ ದುಡಿಮೆ ಹೋದರೆ ರಾತ್ರಿ ಒಲೆ ಹೊತ್ತುವುದಿಲ್ಲ. ಜೋಲಿಯಲ್ಲಿ ಕೂಸು ಮಗ್ಗುಲಾಯಿತು. ಅವಳು ಹೋಗಿ ತನ್ನ ಹೊರೆಯನ್ನೂ ಅಲ್ಲೇ ಇಳಿಸಿದಳು.

ಆಮೇಲೆ ಸಾಲು ನಿಲ್ಲಲಿಲ್ಲ.

“ನಂದೂ ಬ್ಯಾಡ!”

“ನಂದೂ! ಅತ್ತ ಸರಿಯೇ, ನನ್ನ ಇಟ್ಟಿಗೆ ಮ್ಯಾಲಿರ್ಲಿ!”

ಗೂಡಿಗೆ ಬೆಂಕಿ ಹಾಕುವ ಖಾದರ್ ಬಾಷಾ ಒಂದು ಬಕೆಟ್ ಕಲಸಿದ ಮಣ್ಣು ಹೊತ್ತು ಓಡಿಬಂದ. “ಮಣ್ಣಿಲ್ದೆ ಗೋಡೆ ನಿಲ್ತದೇನಮ್ಮಾ? ಹಿಡೀರಿ, ನನ್ದೂ ಒಂದು ಓಟು!”

ನಗೆಯೋ ನಗೆ. ಮರದ ಸುತ್ತ ಗೋಡೆ ಮೊಣಕಾಲು ದಾಟಿ ಸೊಂಟಕ್ಕೆ ಬಂತು.

“ನಿಲ್ಸಿ! ನಿಲ್ಸ್ರೇ ಲೌಡೀರಾ! ನನ್ನ ಇಟ್ಟಿಗೆ ಕಣ್ರೇ ಅವು!” ಮುನಿಕೃಷ್ಣಪ್ಪ ಎರಡೂ ಕೈ ಮೇಲೆತ್ತಿಕೊಂಡು ಓಡಿಬಂದ.

ಅಂಜಿನಮ್ಮ ಸೊಂಟಕ್ಕೆ ಕೈಯಿಟ್ಟು ತಿರುಗಿದಳು.

“ಅಗೋ, ಕಡೀಬೌದು ಅನ್ನೋರು ಒಬ್ರು ಅವ್ರೆ! ಗೌಡ್ರು ಕೈ ಎತ್ತವ್ರೆ! ಬರ್ಕಳಿ ಸ್ವಾಮಿ, ಒಂದು!”

ಗೌಡ ಸರಕ್ಕನೆ ಕೈ ಇಳಿಸಿದ.

“ಅಯ್ಯೋ, ಅದೂ ಇಳೀತು!” ಎಂದ ಖಾದರ್ ಬಾಷಾ.

ಸೆಕ್ರೆಟರಿ ಪೆನ್ನಿಗೆ ಮುಚ್ಚಳ ಹಾಕಿ ಕೆರೆಯ ಕಡೆ ನೋಡತೊಡಗಿದರು, ಅಲ್ಲೇನೋ ಕೆಲಸವಿದ್ದವರ ಹಾಗೆ. ಗರಗಸದವರಲ್ಲಿ ಮುದುಕ ಗೋಡೆ ತಟ್ಟಿ, “ಇದುನ್ನ ಕೂಯ್ದ್ರೆ ಹಲ್ಲು ಒಂದೂ ಉಳ್ಯಾಕಿಲ್ಲ ಗೌಡ್ರೇ” ಎಂದು ನಗು ನುಂಗಿದ.

ಶನಿವಾರ ಬಟವಾಡೆಯಲ್ಲಿ ಶುಕ್ರವಾರದ ಕೂಲಿ ಯಾರಿಗೂ ಸಿಗಲಿಲ್ಲ. “ಸೋಮವಾರದಿಂದ ಬರ್ಬ್ಯಾಡ” ಎಂದು ಅಂಜಿನಮ್ಮನಿಗೆ ಹೇಳಿ ಕಳಿಸಿದ ಗೌಡ.

ಸೋಮವಾರ ಬೆಳಗ್ಗೆ ಅವಳು ಎಲ್ಲರಿಗಿಂತ ಮೊದಲೇ ಬಂದು ಆ ಗೋಡೆಯ ಮೇಲೆ ಕೂತು ತಲೆಯ ಸಿಂಬೆ ಸುತ್ತುತ್ತಿದ್ದಳು. ಅವಳ ಪಕ್ಕದಲ್ಲಿ ಸಾಲು ಪೂರ್ತಿ ಕೂತಿತ್ತು; ಅವಳು ಎದ್ದರೆ ಏಳುವುದಕ್ಕೆ, ಹೋದರೆ ಹೋಗುವುದಕ್ಕೆ. ಗೌಡ ಜೀಪಿನಿಂದ ಇಳಿಯದೆ ಸಾಲನ್ನು ಎಣಿಸಿ, “ಎಲ್ರೂ ಕೆಲ್ಸಕ್ಕೆ ಏಳ್ರೇ” ಎಂದು ಗೂಡಿನ ಕಡೆ ಕೈ ತೋರಿಸಿದ. ಕಾಶವ್ವ ಜೋಲಿ ತೂಗಿದಳು.

ಹೋದವರು ಗರಗಸದವರು ಇಬ್ಬರೇ. ಅವರು ಶುಕ್ರವಾರವೇ ಯಲಹಂಕದ ದಾರಿ ಹಿಡಿದಿದ್ದರು.