ಅಡುಗೆಮನೆಯ ನಗು

ಸ್ಮಿತಾಳ ಬ್ಯಾಡ್ಮಿಂಟನ್ ಸರ್ವ್ ಸರಿಹೋಯಿತೆಂಬ ಸುದ್ದಿ ಸಿದ್ದೇಶ್ವರಿಗೆ ತಲುಪಿದ್ದು ಒಂದು ಡಬ್ಬಿ ಮೈಸೂರುಪಾಕಿನ ಜತೆಗೆ. ತಂದವಳು ಹುಡುಗಿಯ ತಾಯಿ ಶ್ರೀಲತಾ. ಅದಕ್ಕೆಂದೇ ಸ್ಟರ್ಲಿಂಗ್‌ನಿಂದ ಗೈದರ್ಸ್‌ಬರ್ಗ್‌ವರೆಗೆ ಶನಿವಾರದ ಟ್ರಾಫಿಕ್ಕಿನಲ್ಲಿ ಕಾರು ಓಡಿಸಿಕೊಂಡು ಬಂದಿದ್ದಳು. ಡಬ್ಬಿಯ ಜತೆ ಮನೆಯ ಪೂಜೆಯ ತಾಂಬೂಲದ ಚೀಲ ಬೇರೆ: ತೆಂಗಿನಕಾಯಿ, ಎಲೆ ಅಡಿಕೆ, ಗಿಳಿಹಸಿರು ಬ್ಲೌಸ್ ಪೀಸು.

“ಇಡೀ ಟೂರ್ನಮೆಂಟ್‌ನಲ್ಲಿ ಒಂದು ಸರ್ವೂ ನೆಟ್‌ಗೆ ಹೋಗ್ಲಿಲ್ಲ ಸಿದ್ದಕ್ಕ! ನಿಮ್ಮ ಶಿಷ್ಯೆ ಮಧುರಾ ಕೈಗುಣ ನೋಡಿ!”

“ಛಲೋ ಆತು,” ಎಂದಳು ಸಿದ್ದೇಶ್ವರಿ. ಬಾಯಲ್ಲಿಟ್ಟ ಮೈಸೂರುಪಾಕು ಕರಗುವುದಕ್ಕೆ ತುಂಬ ಹೊತ್ತು ಹಿಡಿಯಿತು.

ಸಿದ್ದೇಶ್ವರಿಯ ಕೆಲಸ ಆಟಗಾರರ ಮನಸ್ಸಿಗೆ ಸಂಬಂಧಿಸಿದ್ದು. ಕೋಚ್ ಕೈಕಾಲು ತಿದ್ದುತ್ತಾನೆ. ಅಭ್ಯಾಸದಲ್ಲಿ ಸಲೀಸಾಗಿ ಬರುವ ಹೊಡೆತ ಮ್ಯಾಚಿನಲ್ಲಿ ಯಾಕೆ ಕೈಕೊಡುತ್ತದೆ ಎಂಬುದನ್ನು ಇವಳು ನೋಡುತ್ತಾಳೆ. ವಿಜಯಪುರದಲ್ಲಿ ಕಾಲೇಜಿಗೆ ವಾಲಿಬಾಲ್ ಆಡಿದವಳು. ಮಗ ಹೈಸ್ಕೂಲು ಸೇರಿದ ಮೇಲೆ ಇಲ್ಲಿ ಮತ್ತೆ ಕ್ಲಾಸಿಗೆ ಹೋಗಿ, ತನ್ನ ಅರ್ಧ ವಯಸ್ಸಿನವರ ನಡುವೆ ಕೂತು ಓದಿ, ಸರ್ಟಿಫಿಕೇಟ್ ಪಡೆದಿದ್ದಳು. ಆಮೇಲೆ ಈ ಸುತ್ತಿನ ಕನ್ನಡದ ಮನೆಗಳಲ್ಲಿ ಯಾವ ಮಗು ಈಜುಕೊಳದ ಅಂಚಿನಲ್ಲಿ ನಡುಗಿದರೂ, ಯಾವ ಮಗು ಟೆನಿಸ್ ರಾಕೆಟ್ಟನ್ನು ನೆಲಕ್ಕೆ ಬಡಿದರೂ ಫೋನು ಬರುತ್ತಿದ್ದದ್ದು ಇವಳಿಗೇ. ಸಣ್ಣ ರಾಜ್ಯವೇ ಇರಬಹುದು, ಆದರೆ ಅದಕ್ಕೆ ಅವಳೊಬ್ಬಳೇ ರಾಣಿ.

ಹದಿನೈದರ ಸ್ಮಿತಾ ಬ್ಯಾಡ್ಮಿಂಟನ್ ಆಡುತ್ತಾಳೆ. ಮ್ಯಾಚಿನಲ್ಲಿ ಸರ್ವ್ ಮಾಡಲು ಶಟಲ್ ಹಿಡಿದರೆ ಸಾಕು, ಕೈ ಮರಗಟ್ಟುತ್ತಿತ್ತು. ಒಂದು ವರ್ಷ ಸಿದ್ದೇಶ್ವರಿ ಅವರ ಮನೆಗೆ ಹೋಗಿ, ಮಹಡಿಯ ಕೋಣೆಯಲ್ಲಿ ಹುಡುಗಿಯ ಎದುರು ಕೂತು, ತನಗೆ ಗೊತ್ತಿದ್ದನ್ನೆಲ್ಲ ಧಾರೆಯೆರೆದಳು. ಉಸಿರಾಟ ಕಲಿಸಿದಳು. ತನ್ನ ವಾಲಿಬಾಲ್ ಕಾಲದ ಕತೆಗಳನ್ನು ಹೇಳಿದಳು. ಸ್ಮಿತಾ “ಓಕೆ ಆಂಟಿ” ಎನ್ನುವುದರ ಆಚೆಗೆ ತುಟಿ ಬಿಚ್ಚಲಿಲ್ಲ. ಕೆಳಗಿಳಿದು ಬಂದರೆ ಶ್ರೀಲತಾಳ ಫಿಲ್ಟರ್ ಕಾಫಿ ಕಾದಿರುತ್ತಿತ್ತು. ಕಾಫಿಯ ಜತೆ ಹರಟೆ. ಅದಾದರೂ ಸಿಕ್ಕಿತಲ್ಲ ಎಂದು ಮನೆಗೆ ಮರಳುತ್ತಿದ್ದಳು.

ಆಗ ಬಂದವಳು ಮಧುರಾ. ಮೈಸೂರಿನ ಹುಡುಗಿ, ಇಲ್ಲಿ ಮಾಸ್ಟರ್ಸ್ ಮುಗಿಸಿ ಅದೇ ಸರ್ಟಿಫಿಕೇಟಿಗೆ ತಯಾರಾಗುತ್ತಿದ್ದವಳು. ಈ ವೃತ್ತಿಯಲ್ಲಿ ಪದವಿಯೊಂದೇ ಸಾಲದು. ಅನುಭವಸ್ಥರೊಬ್ಬರ ಕಣ್ಣೆದುರು ಕೆಲಸ ಮಾಡಬೇಕು. ಅವರು ಸೆಷನ್ನಿನ ರೆಕಾರ್ಡಿಂಗ್ ನೋಡಿ ತಿದ್ದಬೇಕು. ಕೊನೆಗೆ, ಇವಳನ್ನು ಆಟಗಾರರ ಬಳಿಗೆ ಒಬ್ಬಳೇ ಕಳಿಸಬಹುದು ಎಂದು ಸಹಿ ಹಾಕಬೇಕು. ಆಮೇಲೆ ಪರೀಕ್ಷೆ. ಮಧುರಾಳಿಗೆ ಆ ಮೆಂಟರ್ ಸಿದ್ದೇಶ್ವರಿ. ಸಹಿ ಈ ತಿಂಗಳೊಳಗೆ ಬಿದ್ದರೆ ಅಟ್ಲಾಂಟಾದ ಟೆನಿಸ್ ಅಕಾಡೆಮಿಯೊಂದರಲ್ಲಿ ಕೆಲಸ ಕಾದಿತ್ತು. ಬೀಳದಿದ್ದರೆ ಆ ಕೆಲಸವೂ ಇಲ್ಲ, ಅದನ್ನೇ ನೆಚ್ಚಿಕೊಂಡ ವೀಸಾವೂ ಇಲ್ಲ.

ಸ್ಮಿತಾಳನ್ನು ಮಧುರಾಳಿಗೆ ಒಪ್ಪಿಸಿದವಳು ಸಿದ್ದೇಶ್ವರಿಯೇ. “ಕಷ್ಟದ ಕೇಸು, ಕಲೀತಿ,” ಎಂದಿದ್ದಳು. ಇವಳೂ ಸ್ವಲ್ಪ ತಲೆ ಚಚ್ಚಿಕೊಳ್ಳಲಿ ಎಂಬುದು ಒಳಗಿನ ಮಾತು. ಹುಡುಗಿ ತಲೆ ಚಚ್ಚಿಕೊಳ್ಳಲಿಲ್ಲ. ಬೇಸಗೆ ಮುಗಿಯುವುದರೊಳಗೆ ಸ್ಮಿತಾಳ ಕೈ ಸಡಿಲವಾಯಿತು.

ಶ್ರೀಲತಾಳ ಕಾರು ಮರೆಯಾದ ಮೇಲೆ ಸಿದ್ದೇಶ್ವರಿ ಲ್ಯಾಪ್‌ಟಾಪ್ ತೆರೆದಳು. ಮಧುರಾ ಕೊನೆಯ ಪರಿಶೀಲನೆಗೆಂದು ಕಳಿಸಿದ್ದ ಸೆಷನ್ನಿನ ವೀಡಿಯೋ. ಬ್ಯಾಡ್ಮಿಂಟನ್ ಹಾಲಿನ ಪಕ್ಕದ ಸಣ್ಣ ಕೋಣೆ, ಒಂದು ಟೇಬಲ್ಲು, ಆಚೀಚೆ ಇಬ್ಬರು. ಸ್ಮಿತಾ ಮಾತಾಡುತ್ತಿದ್ದಳು. ಕೈ ಆಡಿಸಿಕೊಂಡು, ತನ್ನನ್ನೇ ಗೇಲಿ ಮಾಡಿಕೊಂಡು, ನಡುವೆ ಕಣ್ಣು ಒರೆಸಿಕೊಂಡು ಮಾತಾಡುತ್ತಿದ್ದಳು. ಮಧುರಾ ಮಾಡುತ್ತಿದ್ದದ್ದಾದರೂ ಏನು? ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಿದ್ದಳು, ಅಷ್ಟೇ. ಒಂದು ಒಳ್ಳೆಯ ಪ್ರಶ್ನೆಯೂ ಇಲ್ಲ ಎಂದುಕೊಂಡಳು ಸಿದ್ದೇಶ್ವರಿ. ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದಳು. ಅದು ತಪ್ಪು ಹುಡುಕುವವರ ನೋಟ. ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ.

ಗಂಡ ಅಮೃತ್ ಬಾಗಿಲಲ್ಲಿ ಇಣುಕಿದ. “ಏನು ಸಿನಿಮಾ ಅದು? ಅಷ್ಟು ಹಲ್ಲು ಕಚ್ಚಿ ನೋಡಾಕತ್ತೀ?”

“ಕೆಲಸದ್ದು. ನೀ ನೋಡಬಾರದು,” ಎಂದು ಅವಳು ಪರದೆ ತಿರುಗಿಸಿದಳು.

“ನಾ ನೋಡಂಗಿಲ್ಲ ಬಿಡು. ನಿನ್ನ ಮಾರಿ ನೋಡಿದ್ರ ಸಾಕು, ವಿಲನ್ ಯಾರಂತ ಗೊತ್ತಾಗ್ತದ.”

ಅವನು ಹೋದ. ಅಷ್ಟರಲ್ಲಿ ಕಲ್ಲು ಸಿಕ್ಕಿತು. ಟೇಬಲ್ಲಿನ ತುದಿಯಲ್ಲಿ ಒಂದು ಚೀಲ. ಅದರಿಂದ ತೆಂಗಿನಕಾಯಿಯ ಜುಟ್ಟು, ಗಿಳಿಹಸಿರು ಬಟ್ಟೆಯ ಅಂಚು ಇಣುಕುತ್ತಿದ್ದವು. ಶ್ರೀಲತಾಳ ಮನೆಯ ತಾಂಬೂಲವನ್ನು ಸಿದ್ದೇಶ್ವರಿ ಕತ್ತಲಲ್ಲೂ ಗುರುತಿಸಬಲ್ಲಳು. ಲ್ಯಾಪ್‌ಟಾಪನ್ನು ಅಲ್ಲಿಗೇ ಮುಚ್ಚಿದಳು. ಆ ದಿನ ಅವಳಿಗೆ ಚೆನ್ನಾಗಿ ಊಟ ಸೇರಿತು.

ಮರುದಿನ ಲೈಬ್ರರಿಯ ಪುಟ್ಟ ಕೋಣೆಯಲ್ಲಿ ಸಿದ್ದೇಶ್ವರಿ, ಮಧುರಾ ಭೇಟಿಯಾದರು.

“ಹೇಗಿತ್ತು ಮೇಡಂ ವೀಡಿಯೋ?” ಮಧುರಾಳ ಮುಖದ ತುಂಬ ಆಸೆ.

“ಟೇಬಲ್ ಮ್ಯಾಗ ಒಂದು ಚೀಲ ಇತ್ತಲ್ಲ. ಏನದು?”

“ಅಯ್ಯೋ, ಅದಾ? ಶ್ರೀಲತಾ ಆಂಟಿ ಇಟ್ಟು ಹೋದ್ರು. ಪೂಜೆ ಇತ್ತಂತೆ, ತಾಂಬೂಲ.”

“ಕ್ಲೈಂಟ್ ಮನಿಯಿಂದ ಉಡುಗೊರಿ. ಎಥಿಕ್ಸ್ ಕ್ಲಾಸ್‌ನಾಗ ಏನು ಕಲಿಸ್ಯಾರ ನಿನಗ?”

“ಮೇಡಂ, ಅದು—”

“ಒಂದು ಸಂಬಂಧದಾಗ ಇನ್ನೊಂದು ಬೆರಸಬಾರದು ಅಂತ ಕಲಿಸ್ಯಾರ. ಇವತ್ತು ಬ್ಲೌಸ್ ಪೀಸು, ನಾಳೆ ಸೀರಿ. ನಾಡದು ಆ ಹುಡುಗಿ ಸೋತು ಬಂದ್ರ ಅವರವ್ವಗ ಮಾರಿ ಹೆಂಗ ತೋರಸ್ತಿ? ನಿನಗ ಇನ್ನೂ ಟೈಮ್ ಬೇಕು ಅನಸ್ತದ ಮಧುರಾ. ಈ ಫಾಲ್ ಪೂರ್ತಿ, ಡಿಸೆಂಬರ್ ತನಕ, ಮುಂದುವರಸೋಣ.”

ಮಧುರಾಳ ಮುಖ ಬಿಳುಚಿಕೊಂಡಿತು. “ಫಾಲ್ ಪೂರ್ತಿನಾ? ಅಟ್ಲಾಂಟಾದವ್ರು ಅಷ್ಟು ದಿನ ಕಾಯಲ್ಲ ಮೇಡಂ.”

“ಅಟ್ಲಾಂಟಾ ಎಲ್ಲೂ ಓಡಿ ಹೋಗಂಗಿಲ್ಲ.”

ಸಿದ್ದೇಶ್ವರಿಗೆ ಮಜ್ಜಿಗೆ ಕುಡಿದಷ್ಟು ತಂಪಾಯಿತು. ನಿಯಮವನ್ನೇ ಹೇಳಿದ್ದೇನೆ, ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಮಧುರಾ ವಾದ ಮಾಡಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಹೋಗಿ ನಿಂತಳು.

“ಮೇಡಂ, ವೀಡಿಯೋ ಕೊನೇವರೆಗೂ ನೋಡಿದ್ರಾ?”

“ಯಾಕ?”

“ಕೊನೇಲಿ ಸ್ಮಿತಾ ನಿಮಗೇ ಅಂತ ಏನೋ ಹೇಳಿದಾಳೆ. ಅದಕ್ಕೇ ಕಟ್ ಮಾಡದೆ ಕಳಿಸ್ದೆ.”

ಮನೆಗೆ ಬಂದ ಸಿದ್ದೇಶ್ವರಿ ಹೆಗಲ ಬ್ಯಾಗೂ ಇಳಿಸದೆ ವೀಡಿಯೋದ ಕೊನೆಯ ಭಾಗ ಹಾಕಿದಳು. ಸೆಷನ್ ಮುಗಿದಿತ್ತು. ಮಧುರಾ ಚೀಲದಿಂದ ಕುಂಕುಮದ ಪೊಟ್ಟಣ ಮಾತ್ರ ತೆಗೆದು, ಹಣೆಗಿಟ್ಟುಕೊಂಡು, ಚೀಲವನ್ನು ಸ್ಮಿತಾಳ ಕಡೆ ಸರಿಸಿದಳು.

“ಅಮ್ಮಂಗೆ ಹೇಳು, ಕುಂಕುಮ ತಗೊಂಡೆ ಅಂತ. ಮಿಕ್ಕಿದ್ದು ನಾನು ತಗೊಳ್ಳೋ ಹಾಗಿಲ್ಲ, ಕೆಲಸದಲ್ಲಿದೀನಲ್ಲ. ಬೇಜಾರಾಗ್ತಾರಾ?”

“ನೋ, ಶಿ ವಿಲ್ ಜಸ್ಟ್ ಗಿವ್ ಇಟ್ ಟು ಸಿದ್ದು ಆಂಟಿ,” ಎಂದು ಸ್ಮಿತಾ ನಕ್ಕಳು.

ಸಿದ್ದೇಶ್ವರಿ ತಲೆಯೆತ್ತಿದಳು. ಅಡುಗೆಮನೆಯ ಬಾಗಿಲಿನ ಕೊಕ್ಕೆಯಲ್ಲಿ ಅದೇ ಚೀಲ ತೂಗುತ್ತಿತ್ತು.

ಪರದೆಯಲ್ಲಿ ಸ್ಮಿತಾ ಈಗ ನೇರ ಕ್ಯಾಮೆರಾ ಕಡೆ ತಿರುಗಿದ್ದಳು. “ಹಾಯ್ ಆಂಟಿ. ನೀವು ಇದನ್ನ ನೋಡ್ತೀರ ಅಂತ ಮಧುರಾ ಹೇಳಿದ್ರು. ಸೋ... ನಂಗೆ ನಿಮ್ಮ ಮೇಲೆ ಕೋಪ ಇರ್ಲಿಲ್ಲ, ಓಕೆ? ನೀವು ನನ್ ಜೊತೆ ಮಾತಾಡಿ ಕೆಳಗೆ ಹೋಗ್ತೀರಲ್ಲ, ಆಮೇಲೆ ನೀವು, ಅಮ್ಮ ಕಿಚನ್‌ನಲ್ಲಿ ಜೋರಾಗಿ ನಗ್ತೀರ. ನನ್ ರೂಮ್‌ಗೆ ಕೇಳತ್ತೆ. ನನ್ ಬಗ್ಗೆ ಅಲ್ಲ. ಪ್ರಾಬಬ್ಲಿ. ಬಟ್ ನಂಗೆ ಹೇಗೆ ಗೊತ್ತಾಗತ್ತೆ?” ಕ್ಯಾಮೆರಾಕ್ಕೆ ಹತ್ತಿರ ಬಾಗಿ, “ಅಮ್ಮಂಗೆ ಹೇಳ್ಬೇಡಿ, ಪ್ಲೀಸ್,” ಎಂದಳು.

ವೀಡಿಯೋ ನಿಂತಿತು.

ದೇವರಾಣೆಗೂ ಸಿದ್ದೇಶ್ವರಿ ಹುಡುಗಿಯ ವಿಷಯ ಒಂದಕ್ಷರ ಬಾಯಿ ಬಿಟ್ಟವಳಲ್ಲ. ಅವರು ನಗುತ್ತಿದ್ದದ್ದು ಗಂಡಂದಿರ ಗೊರಕೆಗೆ, ಕನ್ನಡ ಸಂಘದ ನಾಟಕದಲ್ಲಿ ಮೀಸೆ ಕಳಚಿ ಬಿದ್ದವರಿಗೆ. ಆದರೆ ಮೇಲೆ ಮಂಚದ ಮೇಲೆ ಕೂತ ಮಗುವಿಗೆ ಕೇಳುತ್ತಿದ್ದದ್ದು ಬರೀ ನಗು.

ಮೊದಲು ಬಂದದ್ದು ನಾಚಿಕೆಯಲ್ಲ, ಸಮಾಧಾನ. ಇಷ್ಟೇನಾ! ಆ ಮಧುರಾ ನನಗಿಂತ ಜಾಣೆಯೇನಲ್ಲ. ಅವಳಿಗೆ ಆ ಅಡುಗೆಮನೆಯಲ್ಲಿ ಗೆಳತಿಯಿರಲಿಲ್ಲ, ಅಷ್ಟೇ ವ್ಯತ್ಯಾಸ. ಈ ಯೋಚನೆಯನ್ನು ಸ್ವಲ್ಪ ಹೊತ್ತು ಚಪ್ಪರಿಸಿದಳು. ಆಮೇಲೆ ಕಣ್ಣು ಮತ್ತೆ ಕೊಕ್ಕೆಯ ಚೀಲದ ಮೇಲೆ ಹೋಯಿತು. ಇಷ್ಟು ವರ್ಷಗಳಲ್ಲಿ ಇಂಥ ಒಂದು ಚೀಲವನ್ನಾದರೂ ತಾನು ವಾಪಸ್ ಸರಿಸಿದ್ದುಂಟೇ? ಯಾರಿಗೂ ನೋವಾಗದಂತೆ, ಹಣೆಗೆ ಕುಂಕುಮ ಇಟ್ಟುಕೊಂಡು? ಅದು ತನಗೆ ತೋಚಿರಲೇ ಇಲ್ಲ. ತೋಚಿದವಳಿಗೆ ಇನ್ನೂ ಮೂವತ್ತು ತುಂಬಿಲ್ಲ. ಹೊಟ್ಟೆಕಿಚ್ಚು ಈ ಸಲ ಇನ್ನೂ ಆಳದಿಂದ ಎದ್ದಿತು.

ಸಹಿ ಹಾಕಬೇಕು, ಅದರಲ್ಲಿ ಎರಡು ಮಾತಿಲ್ಲ. ಮೌಲ್ಯಮಾಪನದ ಪುಟ ತೆರೆದಳು. ಬೆರಳು ಎಷ್ಟು ಚುರುಕಾಗಿ ಮುಂದಾಯಿತೆಂದರೆ ಅವಳಿಗೇ ಅನುಮಾನ ಬಂತು. ಇಷ್ಟು ಅವಸರ ಯಾಕೆ? ಬೆರಳು ಹಿಂದೆಗೆದಳು; ಉತ್ತರ ಸಿಕ್ಕಿತು. ಸಹಿ ಬಿದ್ದರೆ ಮಧುರಾ ಅಟ್ಲಾಂಟಾಕ್ಕೆ ಹೋಗುತ್ತಾಳೆ. ಅವಳು ಹೋದರೆ ಸ್ಮಿತಾ ಖಾಲಿ. ಖಾಲಿಯಾದ ಸ್ಮಿತಾ, ಸರ್ವ್ ಸರಿಹೋದ ಸ್ಮಿತಾ, ಮತ್ತೆ ಯಾರ ಬಳಿಗೆ ಬರುತ್ತಾಳೆ?

“ಭಾಳ ಶಾಣ್ಯಾ ಅದೀ ನೀನು,” ಎಂದು ತನಗೇ ಗಟ್ಟಿಯಾಗಿ ಹೇಳಿಕೊಂಡಳು.

“ನನಗಂದ್ಯಾ?” ಅಮೃತ್ ಒಳಗಿನಿಂದ ಕೂಗಿದ.

“ನಿನಗ್ಯಾಕ ಅಂತೀನಿ?”

ಸಹಿಗೆ ಮೊದಲು ಶ್ರೀಲತಾಳಿಗೆ ಫೋನು ಮಾಡಿದಳು. ಮಧುರಾ ಅಟ್ಲಾಂಟಾಕ್ಕೆ ಹೋದರೂ ಸ್ಮಿತಾ ಅವಳ ಜತೆ ವೀಡಿಯೋದಲ್ಲೇ ಮುಂದುವರಿಯಲಿ, ನಡುವೆ ಬಿಡುವುದು ಬೇಡ ಎಂದಳು.

“ಅದ್ಯಾಕೆ ಸಿದ್ದಕ್ಕ? ನೀವಿಲ್ವಾ ಇಲ್ಲೇ? ಮನೆಯವ್ರ ಥರ.”

“ಅದಕ್ಕ ಬ್ಯಾಡ. ಮನಿಯವರ ಗತೆ ಅದೀನಿ, ಹಂಗೇ ಇರ್ತೀನಿ.”

“ನನಗೇನೂ ಅರ್ಥವಾಗ್ಲಿಲ್ಲ. ನನ್ನಿಂದ ಏನಾದ್ರೂ ತಪ್ಪಾಯ್ತಾ?”

“ಏನೂ ಆಗಿಲ್ಲವ್ವಾ. ನಿನ್ನ ಕಾಫಿ ಬಿಟ್ಟು ನಾ ಎಲ್ಲಿಗೆ ಹೋಗ್ಲಿ?”

ಫೋನು ಇಟ್ಟಳು. ಸಹಿ ಹಾಕಿದಳು. ಮಧುರಾಳಿಗೆ ತಿಳಿಸಿದಾಗ ಹುಡುಗಿ ಆ ಕಡೆ ಕಿರುಚಿ, ಅತ್ತು, ಆಮೇಲೆ ತಗ್ಗಿದ ದನಿಯಲ್ಲಿ, “ಮತ್ತೆ ಆ ಚೀಲದ ವಿಷಯ, ಮೇಡಂ?” ಎಂದಳು.

“ಆ ಚೀಲ ನಮ್ಮನಿಯಾಗ ಅದ,” ಎಂದಳು ಸಿದ್ದೇಶ್ವರಿ. ಅದಕ್ಕಿಂತ ಹೆಚ್ಚು ಹೇಳುವ ಔದಾರ್ಯ ಅವಳಿಗೆ ಇನ್ನೂ ಬಂದಿರಲಿಲ್ಲ.

ನವೆಂಬರಿನಲ್ಲಿ ರಾಲಿ ಎಂಬ ಊರಿನಲ್ಲಿ ಟೂರ್ನಮೆಂಟು. ಸಿದ್ದೇಶ್ವರಿ ಶ್ರೀಲತಾಳ ಕಾರಿನಲ್ಲೇ ಹೋದಳು, ತೊಡೆಯ ಮೇಲೆ ಶೇಂಗಾ ಹೋಳಿಗೆಯ ಡಬ್ಬಿ ಇಟ್ಟುಕೊಂಡು. ಆಟಕ್ಕೆ ಮುಂಚೆ ಸ್ಮಿತಾ ಒಂದು ಮೂಲೆಯಲ್ಲಿ ನಿಂತು ಫೋನಿನಲ್ಲಿ ಮಧುರಾಳ ಜತೆ ಮಾತಾಡುತ್ತಿದ್ದಳು. ಏನೋ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ದೂರದಲ್ಲಿ ಕೂತ ಸಿದ್ದೇಶ್ವರಿಗೆ ಬರೀ ನಗು ಕೇಳಿಸಿತು, ಮಾತು ಕೇಳಿಸಲಿಲ್ಲ. ನನ್ನ ಬಗ್ಗೆ ಇರಲಿಕ್ಕಿಲ್ಲ ಎಂದುಕೊಂಡಳು. ಆದರೂ ಕಿವಿ ಅತ್ತಲೇ ಇತ್ತು.

ಸ್ಮಿತಾ ಓಡಿ ಬಂದಳು. “ಆಂಟಿ, ಏನಾದ್ರೂ ಹೇಳ್ತೀರಾ?”

ಹೇಳುವುದಕ್ಕೆ ಬೇಕಾದಷ್ಟಿತ್ತು. “ಶೇಂಗಾ ಹೋಳಿಗಿ ತಂದೀನಿ. ಆಮ್ಯಾಲ ತಿನ್ನು,” ಎಂದಳು.

“ಯೆಸ್!” ಎಂದು ಹುಡುಗಿ ಡಬ್ಬಿಗೆ ಕೈ ಹಾಕಿ, ಒಂದನ್ನು ಆಗಲೇ ಮುರಿದು ಬಾಯಿಗೆ ಹಾಕಿಕೊಂಡು ಕೋರ್ಟಿಗಿಳಿದಳು. ವರ್ಷಪೂರ್ತಿ ಎದುರಿಗೆ ಕೂತಿದ್ದಾಗ ಈ ಮುಖ ಒಮ್ಮೆಯೂ ಹೀಗೆ ಅರಳಿರಲಿಲ್ಲ.

ಮೊದಲ ಸರ್ವ್ ನೆಟ್ಟಿಗೆ ಹೋಯಿತು.

ಶ್ರೀಲತಾ ಸಿದ್ದೇಶ್ವರಿಯ ಮೊಣಕೈ ಹಿಡಿದಳು. “ಸಿದ್ದಕ್ಕ, ಅಯ್ಯೋ, ಏನಾಯ್ತು? ಯಾಕೆ ಹಾಗಾಯ್ತು? ನೀವಾದ್ರೂ ಹೇಳಿ!”

ಸಿದ್ದೇಶ್ವರಿಗೆ ಏನಾಯಿತೆಂದು ಗೊತ್ತಿತ್ತು. ಭುಜ ಬಿಗಿದಿತ್ತು, ಉಸಿರು ಮೇಲೇ ನಿಂತಿತ್ತು. ಹೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಒಂದು ಹೋಳಿಗೆ ತೆಗೆದು ಬಾಯಿಗಿಟ್ಟುಕೊಂಡಳು, ಇನ್ನೊಂದನ್ನು ಶ್ರೀಲತಾಳ ಕೈಗಿಟ್ಟಳು.

“ನನಗೇನ ಗೊತ್ತವ್ವಾ? ನಾ ಬರೇ ಹೋಳಿಗಿ ತಂದಾಕಿ.”

ಕೋರ್ಟಿನಲ್ಲಿ ಸ್ಮಿತಾ ಬೆರಳು ಸಡಿಲಿಸಿಕೊಂಡು ಮತ್ತೆ ಶಟಲ್ ಎತ್ತಿ ಹಿಡಿದಳು. ಸಿದ್ದೇಶ್ವರಿ ಡಬ್ಬಿಯ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕೂತಳು.