ಡೆಲ್ಮರನ ಮರದ ಕೆಳಗಿನ ಹಸಿರು

ನಮ್ಮ ಒಕ್ಲಹೋಮಾದಲ್ಲಿ ಆಗಸ್ಟ್ ತಿಂಗಳಲ್ಲಿ ಹಸಿರು ಹುಲ್ಲು ಕಂಡರೆ ಜನ ಕಾರು ನಿಲ್ಲಿಸಿ ನೋಡುತ್ತಾರೆ. ಅಂಥ ಬಿಸಿಲು. ಹಾಗಿರುವಾಗ ನನ್ನ ಗೆಳತಿ ವೆಲ್ಡಾ ಫೋನು ಮಾಡಿ, ಡೆಲ್ಮರನ ಮರದ ಕೆಳಗೆ ಹುಲ್ಲು ಚಿಗುರಿದೆ, ಬಂದು ನೋಡು ಎಂದಳು. ಪೀಚ್ ಹಣ್ಣಿನ ಸಿಹಿಯನ್ನೂ ಮಾಡಿದ್ದಾಳಂತೆ. ಹುಲ್ಲಿಗಿಂತ ಹೆಚ್ಚಾಗಿ ಆ ಸಿಹಿಗಾಗಿಯೇ ನಾನು ಹೊರಟೆ, ಸುಳ್ಳೇಕೆ ಹೇಳಲಿ.

ಡೆಲ್ಮರ್ ಅವಳ ಗಂಡ. ತೀರಿಕೊಂಡು ಬಹಳ ವರ್ಷವಾಯಿತು. ಅವರ ಹೊಲದ ತುದಿಯಲ್ಲಿ ಹಳ್ಳಕ್ಕೆ ಅಡ್ಡವಾಗಿ ಒಂದು ಮಣ್ಣಿನ ಏರಿ ಇದೆ. ನಮ್ಮ ಅಪ್ಪಂದಿರ ಕಾಲದಲ್ಲಿ ಬೆಳೆ, ದನ ಎಲ್ಲ ಪ್ರವಾಹದಲ್ಲಿ ಕೊಚ್ಚಿಹೋದ ಮೇಲೆ ಸರ್ಕಾರ ಕಟ್ಟಿಸಿದ ಸಣ್ಣ ಅಣೆಕಟ್ಟು ಅದು. ಜೋರು ಮಳೆಯ ನೀರನ್ನು ತಡೆದು ನಿಲ್ಲಿಸಿ, ತೂಬಿನಿಂದ ಸ್ವಲ್ಪ ಸ್ವಲ್ಪವಾಗಿ ಕೆಳಗೆ ಬಿಡುವುದು ಅದರ ಕೆಲಸ. ಇಂಥ ಏರಿಗಳು ನಮ್ಮ ಕಡೆ ಹಳ್ಳಕ್ಕೊಂದು ಇವೆ. ಎಲ್ಲಕ್ಕೂ ಈಗ ಹೆಚ್ಚುಕಡಿಮೆ ನನ್ನ ವಯಸ್ಸು. ನನಗೆ ಮಂಡಿ ನೋವು ಬಂದರೆ ನಾನು ಊರಿಗೆಲ್ಲ ಕೇಳುವಂತೆ ನರಳುತ್ತೇನೆ, ಅವು ಸುಮ್ಮನಿರುತ್ತವೆ, ಅಷ್ಟೇ ವ್ಯತ್ಯಾಸ.

ಡೆಲ್ಮರನ ಚಿತಾಭಸ್ಮವನ್ನು ಆ ಏರಿಯಲ್ಲೇ ಹೂತು, ಅದರ ಮೇಲೆ ಅಕ್ರೋಟಿನಂಥ ಕಾಯಿ ಬಿಡುವ ಪೀಕನ್ ಸಸಿಯೊಂದನ್ನು ನೆಟ್ಟಿದ್ದರು. ಅಲ್ಲಿ ನಿಂತರೆ ಒಂದು ಕಡೆ ಅವನು ಮೀನು ಹಿಡಿಯುತ್ತಿದ್ದ ಕೆರೆ ಕಾಣುತ್ತದೆ, ಇನ್ನೊಂದು ಕಡೆ ದಿಬ್ಬದ ಮೇಲಿನ ಅವನ ಮನೆ. ಹೋದವರ ನೆನಪಿಗೆ ಮರ ನೆಡುವುದು ನಮ್ಮಲ್ಲಿ ರೂಢಿ. ಪೀಕನ್ ಗಿಡಕ್ಕೆ ಕಸಿ ಕಟ್ಟುವುದರಲ್ಲಿ ಈ ಸುತ್ತಿನಲ್ಲಿ ಡೆಲ್ಮರನನ್ನು ಮೀರಿಸಿದವರಿರಲಿಲ್ಲ, ಹಾಗಾಗಿ ಪೀಕನ್. ಸಸಿ ದೊಡ್ಡ ಮರವಾಗಿ ಕಾಯಿಯನ್ನೂ ಬಿಟ್ಟಿತು. ವರ್ಷಕ್ಕೊಮ್ಮೆ, ಮೇ ಕೊನೆಯಲ್ಲಿ ಸಮಾಧಿಗಳಿಗೆ ಹೂವಿಡುವ ದಿನ, ವೆಲ್ಡಾ ಏದುಸಿರು ಬಿಡುತ್ತ ಏರಿ ಹತ್ತಿ ಆ ಮರದ ಬುಡದಲ್ಲಿ ಹೂವಿಟ್ಟು ಬರುತ್ತಿದ್ದಳು.

ಏರಿಯ ಬುಡದಲ್ಲಿ, ಆ ಮರದ ನೇರ ಕೆಳಗೆ, ಹುಲ್ಲು ನಿಜಕ್ಕೂ ಹಸಿರಾಗಿತ್ತು. ಸುತ್ತಲೂ ಎಲ್ಲ ಒಣಗಿ ಕಂದಾಗಿದ್ದರೆ ಅಲ್ಲೊಂದು ಚಾಪೆ ಹಾಸಿದಷ್ಟು ಜಾಗ ಮಾತ್ರ ನಳನಳಿಸುತ್ತಿತ್ತು. ವೆಲ್ಡಾಳ ಮುಖವೂ ಹಾಗೇ ಇತ್ತು.

"ನೋಡೇ ಲವಾನ್, ಡೆಲ್ಮರ್ ನೀರು ಹಾಕ್ತಿದಾನೆ."

ನಾನು ಒಂದು ಹೆಜ್ಜೆ ಇಟ್ಟೆ. ಬೂಟು ಕೆಸರಿನಲ್ಲಿ ಹೂತುಹೋಯಿತು.  ಶಾಲಾ ಬಸ್ಸು ಓಡಿಸುವ ಕೆಲಸದಿಂದ ನಿವೃತ್ತಳಾದ ಮೇಲೆ ನಾನು ನಮ್ಮ ಕಣಿವೆಯ ಏರಿಗಳನ್ನು ನೋಡಿಕೊಳ್ಳುವ ಸಮಿತಿಗೆ ಸೇರಿದ್ದೆ. ಏನನ್ನು ನೋಡಬೇಕು ಎಂದು ಅಲ್ಲಿ ಕಲಿಸಿದ್ದರು. ಬೇಸಿಗೆಯಲ್ಲಿ ಏರಿಯ ಬುಡ ಹಸಿರಾಗಿದ್ದರೆ ಅದು ಏರಿಯನ್ನು ತೂರಿ ಬರುತ್ತಿರುವ ಕೆರೆಯ ನೀರು. ತಲೆಯೆತ್ತಿ ನೋಡಿದೆ. ಏರಿಯ ಕೆಳಗೆ, ಹಳ್ಳದ ದಂಡೆಯ ಮೇಲೆ ವೆಲ್ಡಾಳ ಮಗ ರಾಯ್ಸ್ ಕಟ್ಟಿಸಿದ ಮನೆ. ಅಂಗಳದಲ್ಲಿ ಆಗಷ್ಟೇ ನಡೆಯಲು ಕಲಿತ ಮೊಮ್ಮಗಳು ಹ್ಯಾಟಿ ಕೋಳಿಯ ಹಿಂದೆ ಬಿದ್ದಿದ್ದಳು. ಏರಿ ಕಟ್ಟಿದಾಗ ಅಲ್ಲಿ ಬರೀ ಗೋಧಿ ಹೊಲವಿತ್ತು.

ವೆಲ್ಡಾಳ ಮನೆಗೆ ಬಂದು ಮೆಲ್ಲಗೆ ವಿಷಯ ತೆಗೆದೆ. ವೆಲ್ಡಾ ಸಿಹಿ ಬಡಿಸುತ್ತಲೇ ನಕ್ಕಳು.

"ಕೆರೆ ಅಂದ್ಮೇಲೆ ಒಂದಿಷ್ಟು ಜಿನುಗಲ್ವೇನೇ? ನಿಮ್ಮನೆ ಅಡುಗೆಮನೆ ನಲ್ಲಿ ಎಷ್ಟು ವರ್ಷದಿಂದ ತೊಟ್ಟಿಕ್ತಿದೆ?"

ನಲ್ಲಿಯ ವಿಷಯ ನಿಜ. ಜಿನುಗುವುದೂ ನಿಜ. ಮಣ್ಣಿನ ಏರಿ ಎಂದ ಮೇಲೆ ಸ್ವಲ್ಪ ಜಿನುಗುತ್ತದೆ, ಬರುವ ನೀರು ತಿಳಿಯಾಗಿದ್ದರೆ ಕಣ್ಣಿಟ್ಟು ನೋಡುತ್ತಿದ್ದರೆ ಸಾಕು, ಕದಡಿದ ನೀರು ಬಂತೆಂದರೆ ಒಳಗಿನ ಮಣ್ಣೇ ಹೋಗುತ್ತಿದೆ ಎಂದರ್ಥ ಎಂದು ಹೇಳಿದೆ. ಮರದ ಬೇರು ಏರಿಯೊಳಗೆ ದಾರಿ ಕೊರೆಯುತ್ತದೆ, ಗಾಳಿಗೆ ಮರ ಉರುಳಿದರೆ ಏರಿಯ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ ಎಂದೂ ಹೇಳಿದೆ. ಅಲ್ಲಿಗೆ ಅವಳ ನಗು ನಿಂತಿತು.

"ಮರದ ಸುದ್ದಿಗೆ ಮಾತ್ರ ಬರಬೇಡ," ಎಂದಳು.

ಸಮಿತಿಗೆ ಅವತ್ತೇ ತಿಳಿಸಿದೆ. ಅವರ ಎಂಜಿನಿಯರ್ ಬಂದು ನೋಡಿ, ಸದ್ಯಕ್ಕೆ ನೀರು ತಿಳಿಯಾಗಿದೆ, ದಿನಾ ನೋಡುತ್ತಿರಿ, ಆದರೆ ಆ ಮರ ಹೋಗಲೇಬೇಕು ಎಂದ. ವೆಲ್ಡಾ ಅವನಿಗೆ ಹೊಟ್ಟೆತುಂಬ ತಿನ್ನಿಸಿ, ಹೂಂ ಎನ್ನದೆ ಸಾಗಹಾಕಿದಳು. ನನ್ನ ಬಲವಂತಕ್ಕೆ ಒಂದಕ್ಕೆ ಮಾತ್ರ ಒಪ್ಪಿದಳು. ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿಯಲ್ಲಿ ದಿನಾ ಆ ಜಿನುಗುವ ನೀರನ್ನು ಹಿಡಿದು ಅಡುಗೆಮನೆ ಕಿಟಕಿಯಲ್ಲಿ ಇಡುವುದು. ನನ್ನ ಬಾಯಿ ಮುಚ್ಚಿಸಲಿಕ್ಕಾಗಿಯೇ ಒಪ್ಪಿದ್ದು. ಪ್ರತಿ ಸಲವೂ ಫೋನು ಮಾಡಿ, ಕನ್ನಡಿಯಂತಿದೆ ಕಣೇ, ಬೇಕಾದರೆ ಕುಡಿದು ತೋರಿಸಲೇ ಎಂದು ಕಾಡುತ್ತಿದ್ದಳು.

ಅಕ್ಟೋಬರ್‌ನಲ್ಲಿ ಮಳೆ ಹಿಡಿಯಿತು. ಬಿಡದೆ ಸುರಿದು ಕೆರೆ ಏರಿಯ ಎದೆಮಟ್ಟಕ್ಕೆ ಬಂತು. ಮಳೆ ನಿಂತ ಬೆಳಿಗ್ಗೆ ವೆಲ್ಡಾಳ ಫೋನು ಬಂದಾಗ ಅವಳ ದನಿಯಲ್ಲಿ ಕೀಟಲೆ ಇರಲಿಲ್ಲ. ಬಾ ಎಂದಳು, ಅಷ್ಟೇ. ನಾನು ಹೋದಾಗ ಅವಳು ಮೇಜಿನ ಮುಂದೆ ಕುಳಿತಿದ್ದಳು. ಎದುರಿಗೆ ಆ ಬಾಟಲಿ. ಅವಳು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಅದರ ತಳದಲ್ಲಿ ನಮ್ಮ ಕಡೆಯ ಕೆಂಪು ಮಣ್ಣು ಬೆರಳು ದಪ್ಪ ಕೂತಿತ್ತು.

"ಸೋರ್ತಿರೋದು ನೀರಲ್ಲ ಕಣೇ, ಏರಿ," ಎಂದಳು ವೆಲ್ಡಾ.

ಅವಳ ಫ್ರಿಜ್ಜಿನ ಬಾಗಿಲಿಗೆ ನಾನೇ ಅಂಟಿಸಿದ್ದ ಸಮಿತಿಯ ತುರ್ತು ನಂಬರಿಗೆ ನಾನು ಫೋನು ಮಾಡಿದೆ. ಅವಳು ಮಗನಿಗೆ ಮಾಡಿದಳು. ರಾಯ್ಸ್ ತಾಯಿಗೆ ತಕ್ಕ ಮಗ. ಮಳೆ ನಿಂತಿದೆ, ಬಿಸಿಲು ಬಂದಿದೆ, ಈಗೇಕೆ ಗಾಬರಿ ಎಂದು ವಾದಕ್ಕಿಳಿದ.

"ಮಗೂನ ಎತ್ಕೊಂಡು ಮೇಲೆ ಬಾ. ಜಗಳ ಇಲ್ಲಿ ಕೂತ್ಕೊಂಡು ಆಡೋಣ," ಎಂದಳು ವೆಲ್ಡಾ. ಅವನು ಬಂದ. ಹೆಂಡತಿ, ಹ್ಯಾಟಿ, ಬುಟ್ಟಿಯಲ್ಲಿ ಕೋಳಿ, ಎಲ್ಲರೂ ಬಂದರು. ಹಳ್ಳದ ಕೆಳಗಿನ ಬೇರೆ ಮನೆಗಳಿಗೂ ಸಮಿತಿಯವರು ಸುದ್ದಿ ಮುಟ್ಟಿಸಿದರು.

ಲಾರಿಗಳಲ್ಲಿ ಮರಳು, ಜಲ್ಲಿ ಬಂತು. ಜಿನುಗುವ ಜಾಗದ ಮೇಲೆ ಅದನ್ನು ಪದರ ಪದರವಾಗಿ ಹಾಕಿದರು, ನೀರು ಹೊರಬರಲಿ, ಮಣ್ಣು ಮಾತ್ರ ಒಳಗೇ ಉಳಿಯಲಿ ಎಂದು. ತೂಬನ್ನು ತೆರೆದು ಕೆರೆಯನ್ನು ಮೆಲ್ಲಗೆ ಇಳಿಸಿದರು. ಏರಿ ನಿಂತಿತು. ಹೆಗ್ಗಣದ ಬಿಲವೊಂದು ಪೀಕನ್ ಬೇರಿನ ಗುಂಟ ಒಳಗೆ ಹೋಗಿದೆ, ಇನ್ನೊಂದು ಜೋರು ಮಳೆ ಬಂದಿದ್ದರೆ ಏನಾಗುತ್ತಿತ್ತೋ ನಾನು ಹೇಳಲಾರೆ ಎಂದ ಎಂಜಿನಿಯರ್. ಅಡುಗೆಮನೆಯ ನೆಲದ ಮೇಲೆ ಹ್ಯಾಟಿ ಆ ಬಾಟಲಿಯ ಮುಚ್ಚಳವನ್ನು ಉರುಳಿಸಿ ಆಡುತ್ತಿದ್ದಳು. ಅದನ್ನು ನೋಡಿ ನನಗೆ ಅಳು ಬಂತು.

ಮರದ ಮಾತು ಮಾತ್ರ ಹಾಗೇ ಉಳಿದಿತ್ತು. ಯಾರೂ ಎತ್ತಲಿಲ್ಲ. ಕೊನೆಗೆ ನಾನೇ ಎತ್ತಬೇಕಾಯಿತು. ಡೆಲ್ಮರ್ ಬದುಕಿದ್ದಾಗ ಪ್ರತಿ ಮಳೆಯ ಮಾರನೆಯ ದಿನ ಏರಿಯ ಮೇಲೆ ಒಂದು ಸುತ್ತು ಹೋಗುತ್ತಿದ್ದ. ಬಿಲ ಕಂಡರೆ ಮುಚ್ಚಿಸುತ್ತಿದ್ದ, ತಲೆಯೆತ್ತಿದ ಸಸಿಯನ್ನೆಲ್ಲ ಕಿತ್ತು ಎಸೆಯುತ್ತಿದ್ದ. ಅವನು ಹೋದ ಮೇಲೆ ಅಲ್ಲಿಗೆ ಹೂವು ಹೋಯಿತು, ಕಣ್ಣು ಹೋಗಲಿಲ್ಲ.

"ವೆಲ್ಡಾ, ಡೆಲ್ಮರ್ ಇದ್ದಿದ್ರೆ ಆ ಗಿಡಾನ ಅಲ್ಲಿ ಬಿಡ್ತಿದ್ನಾ?"

 ಅವಳು ಅಳುತ್ತಳುತ್ತಲೇ ನಕ್ಕುಬಿಟ್ಟಳು.

"ಎಲ್ಲಿ ಬಿಡ್ತಿದ್ದ. ಎರಡು ಎಲೆ ಇದ್ದಾಗ್ಲೇ ಕಿತ್ತು ಹಾಕಿರೋನು. ನನ್ನನ್ನೂ ಬೈದಿರೋನು."

ರಾಯ್ಸ್ ಗರಗಸ ತೆಗೆದುಕೊಂಡು ಹೊರಟೇಬಿಟ್ಟಿದ್ದ, ನಾನು ತಡೆದೆ. ಮರ ಕಡಿದು ಬೊಡ್ಡೆ ಬಿಟ್ಟರೆ ಬೇರು ಒಳಗೇ ಕೊಳೆತು ಟೊಳ್ಳಾಗುತ್ತದೆ, ನೀರಿಗೆ ಅದೇ ಕೊಳವೆ. ತಿಳಿದವರ ಕೈಯಲ್ಲೇ ಆಗಬೇಕಾದ ಕೆಲಸ ಅದು. ಕೆರೆಯನ್ನು ಇಳಿಸಿಯೇ ಇಟ್ಟುಕೊಂಡು ಚಳಿಗಾಲ ಕಳೆದೆವು. ಚಿಗುರು ಏಳುವ ಮುಂಚೆ ವೆಲ್ಡಾ ಡೆಲ್ಮರನ ಕಸಿ ಚಾಕು ಹಿಡಿದು ಏರಿ ಹತ್ತಿದಳು. ಮರದಿಂದ ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಕೊಯ್ದು, ಒದ್ದೆ ಕಾಗದದಲ್ಲಿ ಸುತ್ತಿ, ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕದಲ್ಲಿ ಇಟ್ಟಳು. ಅದನ್ನು ಯಾರೂ ಮುಟ್ಟಕೂಡದು ಎಂದು ಮನೆಯವರಿಗೆಲ್ಲ ತಾಕೀತಾಯಿತು.

ಆಮೇಲೆ ಮರ ಉರುಳಿತು. ಬೇರುಗಳನ್ನೆಲ್ಲ ಅಗೆದು ತೆಗೆದು, ಆ ಗುಂಡಿಗೆ ಹೊಸ ಮಣ್ಣು ತುಂಬಿ, ಪದರಪದರವಾಗಿ ದಮ್ಮಸು ಮಾಡಿದರು. ಮೊದಲ ಗುದ್ದಲಿ ಬೀಳುವ ಮುನ್ನ ವೆಲ್ಡಾ ಮರದ ಬುಡದ ಮಣ್ಣನ್ನು ಒಂದು ಬಕೆಟ್ ತುಂಬಿಕೊಂಡು ಮನೆಗೆ ತಂದಳು. ಹೊರಲು ರಾಯ್ಸ್ ಕೈ ಚಾಚಿದರೂ ಕೊಡಲಿಲ್ಲ.

ಅವಳ ಮನೆಯ ಹಿತ್ತಲಲ್ಲಿ, ಎತ್ತರದ ಜಾಗದಲ್ಲಿ, ಒಂದು ಕಾಡು ಪೀಕನ್ ಇತ್ತು. ಏಪ್ರಿಲ್‌ನಲ್ಲಿ ಆ ಮಣ್ಣನ್ನು ಅದರ ಬುಡಕ್ಕೆ ಹಾಕಿ, ಡೆಲ್ಮರನ ಕಡ್ಡಿಗಳನ್ನು ಅದಕ್ಕೆ ಕಸಿ ಕಟ್ಟಿದಳು.  ಚಾಕು ಹಿಡಿಯುವುದನ್ನು ಕಲಿಸಿದವನು ಅವನೇ ಎಂದು ನನಗೆ ಹೇಳುತ್ತ ಹೇಳುತ್ತ ಗಂಟು ಬಿಗಿದಳು. ಮೇ ಕೊನೆಯಲ್ಲಿ ಹೂವಿಡುವ ದಿನ ನಾವು ಹಿತ್ತಲಿಗೇ ಹೋದೆವು. ಕಸಿ ಹಿಡಿದಿತ್ತು. ಎಳೆಯ ಎಲೆಗಳು ಬಂದಿದ್ದವು. ವೆಲ್ಡಾ ಹ್ಯಾಟಿಯನ್ನು ಎತ್ತಿ, ಮುಟ್ಟು, ಇದು ನಿನ್ನ ತಾತ ಎಂದಳು.

ಈಗ ಮಳೆ ಬಂದ ಮಾರನೆಯ ದಿನ ಏರಿಯ ಮೇಲೆ ಇಬ್ಬರು ಕಾಣುತ್ತಾರೆ, ಕೋಲು ಊರಿದ ಅಜ್ಜಿ ಮತ್ತು ಅವಳ ಬೆರಳು ಹಿಡಿದ ಮೊಮ್ಮಗಳು. ತೂಬಿನ ಬಾಯಿಗೆ ಕಸ ಕಟ್ಟಿದೆಯೇ, ಹೆಚ್ಚಾದ ನೀರು ಹರಿಯುವ ಕೋಡಿಗೆ ಯಾರಾದರೂ ಅಡ್ಡ ಬೇಲಿ ಹಾಕಿದ್ದಾರೆಯೇ, ಎಲ್ಲಾದರೂ ಬಿರುಕು ಬಿಟ್ಟಿದೆಯೇ, ಹೊಸ ಬಿಲ ಬಿದ್ದಿದೆಯೇ ಎಂದು ನೋಡುತ್ತ ಹೋಗುತ್ತಾರೆ. ಸಸಿ ಕಂಡರೆ ಕೀಳುವ ಕೆಲಸ ಹ್ಯಾಟಿಯದು.

ಇದನ್ನು ಓದುತ್ತಿರುವ ನಿಮ್ಮ ಊರಿನಲ್ಲೂ ಒಂದು ಹಳೆಯ ಏರಿ ಇದ್ದೀತು. ಅದರ ಮೇಲೆ ನಿಮಗೆ ಪ್ರೀತಿಯೂ ಇದ್ದೀತು. ಪ್ರೀತಿಯಿದ್ದರೆ ಅಲ್ಲಿ ಮರ ನೆಡಬೇಡಿ. ಬೇಸಿಗೆಯಲ್ಲಿ ಅದರ ಬುಡ ಹಸಿರಾಗಿ ಕಂಡರೆ ಚಂದವೆಂದು ಸುಮ್ಮನಾಗಬೇಡಿ, ನೋಡಿಕೊಳ್ಳುವವರಿಗೆ ಅವತ್ತೇ ತಿಳಿಸಿ. ಜಿನುಗುವ ನೀರು ಕದಡಿದ್ದರೆ ಮೊದಲು ಕೆಳಗಿನ ಮನೆಗಳವರನ್ನು ಎಬ್ಬಿಸಿ ಮೇಲಕ್ಕೆ ಕಳಿಸಿ. ಮುಂದಿನ ಮಳೆ ನಿಂತ ಕೂಡಲೇ ಒಂದು ಸುತ್ತು ಹೋಗಿ ಬನ್ನಿ. ಒಬ್ಬರೇ ಹೋಗಬೇಡಿ, ಆ ಏರಿಯ ಕೆಳಗೆ ಬೆಳೆಯುವ ಮಗುವಿನ ಕೈ ಹಿಡಿದುಕೊಂಡು ಹೋಗಿ.